ಅರಳು ಮರಳು: ಎಣಿಸಿ ನೋಡಿದವರ ಕಥೆ

ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಕನ್ನಡಕ ಹುಡುಕುವ ಅಜ್ಜ. ಮೊಮ್ಮಗನನ್ನು ಕರೆಯಲು ಹೋಗಿ ಮೊದಲು ಮಗನ ಹೆಸರು, ಆಮೇಲೆ ತಮ್ಮನ ಹೆಸರು, ಕೊನೆಗೆ ‘ನೀನೇ ಕಣೋ, ಬಾರೋ’ ಎನ್ನುವ ಅಜ್ಜಿ. ಇಂಥವರಿಲ್ಲದ ಮನೆ ಎಲ್ಲಿದೆ? ಹೀಗಾದಾಗಲೆಲ್ಲ ಯಾರಾದರೊಬ್ಬರು ಆ ಗಾದೆಯನ್ನು ಹೇಳಿಯೇ ತೀರುತ್ತಾರೆ: ಅರವತ್ತಕ್ಕೆ ಅರಳು ಮರಳು. ಅಜ್ಜಿಯೇ ನಗುತ್ತಾ ಹೇಳಿಕೊಳ್ಳುವುದೂ ಉಂಟು.

ವಿಜ್ಞಾನಿಗಳೂ ಬಹಳ ಕಾಲ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು. 1955ರಲ್ಲಿ ಅಮೆರಿಕದ ಹೆರಾಲ್ಡ್ ಬ್ರಾಡಿ ಎಂಬ ವಿಜ್ಞಾನಿ ಬೇರೆ ಬೇರೆ ವಯಸ್ಸಿನವರ ಮೆದುಳಿನ ತೆಳು ಚೂರುಗಳಲ್ಲಿ ನರಕೋಶಗಳನ್ನು ಎಣಿಸಿದರು. ವಯಸ್ಸಾದವರ ಮೆದುಳಿನ ಹೊರಪದರದಲ್ಲಿ ಅವು ಬಹಳ ಕಡಿಮೆಯಿವೆ ಎಂದು ಬರೆದರು. ಮುಂದೆ ಪಠ್ಯಪುಸ್ತಕಗಳಿಗೂ ಅದೇ ಮಾತು ಹೋಯಿತು. ವಯಸ್ಸಾದಂತೆ ಮೆದುಳು ಖಾಲಿಯಾಗುತ್ತಾ ಹೋಗುತ್ತದೆ, ಮರೆವು ಅದರ ಫಲ ಎಂದು ಎಲ್ಲರೂ ನಂಬಿದರು.

ಇದನ್ನು ನಂಬಿದರೆ ಒಂದು ತೊಂದರೆಯಿದೆ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಬೇರೆ, ಕನ್ನಡಕ ಯಾತಕ್ಕೆ ಎಂಬುದನ್ನೇ ಮರೆಯುವುದು ಬೇರೆ. ಹೆತ್ತ ಮಗಳನ್ನೇ ‘ನೀನ್ಯಾರಮ್ಮ?’ ಎಂದು ಕೇಳುವ ಸ್ಥಿತಿಗೆ ತರುವ ಅಲ್ಜೈಮರ್ಸ್ ಎಂಬ ಕಾಯಿಲೆಯಿದೆ. ಅದು ಮುಪ್ಪಿನದೇ ಮುಂದುವರಿದ ರೂಪವೇ, ಇಲ್ಲ ಬೇರೆಯದೇ ರೋಗವೇ? ಮುಪ್ಪೇ ಆಗಿದ್ದರೆ ಮಾಡುವುದೇನೂ ಇಲ್ಲ. ರೋಗವಾಗಿದ್ದರೆ ಕಾರಣ ಹುಡುಕಬಹುದು, ಮದ್ದು ಹುಡುಕಬಹುದು. ಇದನ್ನು ತೀರ್ಮಾನಿಸಲು ಮೆದುಳಿನ ನರಕೋಶಗಳನ್ನು ಸರಿಯಾಗಿ ಎಣಿಸಬೇಕಿತ್ತು. ಎಣಿಸುವುದರಲ್ಲಿ ಏನು ಮಹಾ ಎಂದುಕೊಳ್ಳಬೇಡಿ. ಅದನ್ನು ಕಲಿಯಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು, ಮತ್ತು ಶುರುವಾದದ್ದು ಮೆದುಳಿನಿಂದಲ್ಲ, ಕಲ್ಲುಬಂಡೆಯಿಂದ.

ಬಂಡೆ, ರಂಗೋಲಿ, ಮೈಸೂರು ಪಾಕ್

ಮೊದಲು ಒಂದು ವಿಷಯ ತಿಳಿದಿರಲಿ. ದೇಹದ ಯಾವ ಅಂಗವನ್ನೂ ಇಡಿಯಾಗಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಲಾಗದು, ಬೆಳಕು ಅದರ ಮೂಲಕ ಹಾಯುವುದಿಲ್ಲ. ಅದಕ್ಕೇ ಅಂಗಾಂಶದ ತುಂಡನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ನೀರಿನಂಶ ತೆಗೆದು, ಮೇಣ ತುಂಬಿಸಿ ಗಟ್ಟಿ ಮಾಡುತ್ತಾರೆ. ಆಮೇಲೆ ಮೈಕ್ರೋಟೋಮ್ ಎಂಬ ಯಂತ್ರದಿಂದ ಹಪ್ಪಳಕ್ಕಿಂತ ಎಷ್ಟೋ ಪಾಲು ತೆಳ್ಳಗೆ, ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲಿಗಿಂತಲೂ ತೆಳ್ಳಗೆ ಕತ್ತರಿಸುತ್ತಾರೆ. ಬಣ್ಣ ಹಾಕಿದರೆ ಜೀವಕೋಶಗಳು ನೇರಳೆ, ಗುಲಾಬಿ ಬಣ್ಣದಲ್ಲಿ ಎದ್ದು ಕಾಣುತ್ತವೆ. ಆಸ್ಪತ್ರೆಯಲ್ಲಿ ‘ಬಯಾಪ್ಸಿಗೆ ಕಳಿಸಿದ್ದಾರೆ’ ಎಂದಾಗ ಆಗುವುದು ಇದೇ. ನುರಿತ ವೈದ್ಯರು ಚೂರನ್ನು ನೋಡಿ ಇದು ಏನು ಎಂದು ಹೇಳಬಲ್ಲರು. ಆದರೆ ಇಡೀ ಅಂಗದಲ್ಲಿ ಇದು ಎಷ್ಟಿದೆ ಎಂದು ಕೇಳಿದರೆ ಒಂದು ಚೂರು ಉತ್ತರ ಕೊಡುವುದಿಲ್ಲ.

1847ರಲ್ಲಿ ಫ್ರಾನ್ಸಿನ ಭೂವಿಜ್ಞಾನಿ ಅಶಿಲ್ ಡೆಲೆಸ್ಸ್‌ಗೆ ಇಂಥದೇ ಪ್ರಶ್ನೆ ಎದುರಾಗಿತ್ತು. ಒಂದು ಬಂಡೆಯಲ್ಲಿ ಯಾವ ಖನಿಜ ಎಷ್ಟು ಪಾಲು ಇದೆ? ಇಡೀ ಬಂಡೆಯನ್ನು ಪುಡಿ ಮಾಡಿ ಬೇರ್ಪಡಿಸುವುದು ಆಗದ ಮಾತು. ಅವನು ಬಂಡೆಯನ್ನು ಸೀಳಿ, ಮುಖವನ್ನು ನುಣ್ಣಗೆ ಉಜ್ಜಿ, ಅದರ ಮೇಲೆ ಎಣ್ಣೆ ಕಾಗದ ಹಾಸಿ ಪ್ರತಿಯೊಂದು ಖನಿಜದ ಕಲೆಯ ಅಂಚನ್ನೂ ಎಳೆದುಕೊಂಡ. ಆ ಚಿತ್ರವನ್ನು ತವರದ ತೆಳು ಹಾಳೆಗೆ ಅಂಟಿಸಿ, ಕಲೆಗಳನ್ನು ಕತ್ತರಿಸಿ, ಜಾತಿವಾರು ಗುಡ್ಡೆ ಹಾಕಿ ತೂಗಿದ! ಸೀಳಿದ ಮುಖದಲ್ಲಿ ಒಂದು ಖನಿಜ ಎಷ್ಟು ಪಾಲು ಜಾಗ ಹಿಡಿದಿದೆಯೋ, ಬಂಡೆಯ ಒಡಲಲ್ಲೂ ಅಷ್ಟೇ ಪಾಲು ಇರುತ್ತದೆ ಎಂದು ಅವನು ತೋರಿಸಿದ.

ಕತ್ತರಿಸಿ ತೂಗುವ ಕಷ್ಟ ಆಮೇಲೆ ಕಡಿಮೆಯಾಯಿತು. 1898ರಲ್ಲಿ ಆಸ್ಟ್ರಿಯಾದ ರೋಸಿವಾಲ್, ಗೆರೆ ಎಳೆದು ಅಳೆದರೆ ಸಾಕು ಎಂದ. 1933ರಲ್ಲಿ ರಷ್ಯಾದ ಗ್ಲಾಗೋಲೆವ್, ಗೆರೆಯೂ ಬೇಡ, ಚುಕ್ಕಿ ಇಟ್ಟು ಎಣಿಸಿದರೆ ಸಾಕು ಎಂದು ತೋರಿಸಿದ.

ಚುಕ್ಕಿ ಎಂದರೆ ನಮ್ಮ ರಂಗೋಲಿಯ ಚುಕ್ಕಿಯ ಹಾಗೇ, ಸಾಲಾಗಿ, ಸಮ ಅಂತರದಲ್ಲಿ. ತೂತು ತೂತಾದ ಹಳೇ ಮಾದರಿಯ ಮೈಸೂರು ಪಾಕ್ ಸಿಕ್ಕರೆ ಮನೆಯಲ್ಲೇ ಮಾಡಿ ನೋಡಬಹುದು. (ಬಾಯಲ್ಲಿಟ್ಟರೆ ಕರಗುವ ತುಪ್ಪದ ಮೈಸೂರು ಪಾಕ್ ತಿನ್ನಲು ಚೆಂದ, ಈ ಲೆಕ್ಕಕ್ಕೆ ಪ್ರಯೋಜನವಿಲ್ಲ.) ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಹತ್ತು ಸಾಲು, ಸಾಲಿಗೆ ಹತ್ತರಂತೆ ನೂರು ಚುಕ್ಕಿ ಇಡಿ. ಅದನ್ನು ಮೈಸೂರು ಪಾಕಿನ ಕತ್ತರಿಸಿದ ಮುಖದ ಮೇಲೆ ಕಣ್ಣು ಮುಚ್ಚಿ ಹಾಕಿ. 40 ಚುಕ್ಕಿ ತೂತಿನ ಮೇಲೆ ಬಿದ್ದಿದ್ದರೆ, ಆ ತುಂಡಿನಲ್ಲಿ ನೂರಕ್ಕೆ ಸುಮಾರು 40 ಪಾಲು ಗಾಳಿ. ಎರಡು ಮೂರು ಕಡೆ ಕತ್ತರಿಸಿ ನೋಡಿದರೆ ಲೆಕ್ಕ ಇನ್ನೂ ಗಟ್ಟಿಯಾಗುತ್ತದೆ. ಅಂಗಡಿಯವರು ಕೆಜಿ ಲೆಕ್ಕದಲ್ಲಿ ಮಾರುವುದರಿಂದ ಗಾಳಿಗೆ ದುಡ್ಡು ಕೊಟ್ಟೆವೆಂದು ಚಿಂತೆ ಬೇಡ.

ನಮ್ಮ ಶ್ವಾಸಕೋಶವೂ ಒಂದು ಬಗೆಯ ಮೈಸೂರು ಪಾಕೇ, ತೂತುಗಳು ಮಾತ್ರ ತೀರಾ ಸಣ್ಣವು. ಸ್ವಿಟ್ಜರ್ಲೆಂಡಿನ ಎವಾಲ್ಡ್ ವೈಬೆಲ್ ಎಂಬ ಯುವ ವೈದ್ಯ ನ್ಯೂಯಾರ್ಕಿಗೆ ಹೋಗಿ, ಕ್ಯೂಬಾ ದೇಶದ ಡೊಮಿಂಗೊ ಗೊಮೆಜ್ ಜೊತೆ ಸೇರಿ ಗೆರೆ ಚುಕ್ಕಿಗಳಿಂದ ಶ್ವಾಸಕೋಶವನ್ನು ಅಳೆಯತೊಡಗಿದ. ಎರಡೂ ಶ್ವಾಸಕೋಶ ಸೇರಿ ಸುಮಾರು 30 ಕೋಟಿ ಗಾಳಿಗೂಡುಗಳಿವೆ ಎಂಬ ಅಂದಾಜು ಅವರದು. 1963ರಲ್ಲಿ ವೈಬೆಲ್ ಬರೆದ ಪುಸ್ತಕ ಈ ಇಡೀ ವಿದ್ಯೆಗೆ ಬುನಾದಿ ಹಾಕಿತು. ಆಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಳೆದಾಗ ಗಾಳಿಗೂಡುಗಳ ಗೋಡೆಯನ್ನೆಲ್ಲ ಹರಡಿದರೆ ಸುಮಾರು 130 ಚದರ ಮೀಟರ್ ಆಗುತ್ತದೆ ಎಂದು ಕಂಡಿತು. ನಮ್ಮ ಲೆಕ್ಕದಲ್ಲಿ 1,400 ಚದರ ಅಡಿ. ಮೂವತ್ತು ನಲವತ್ತರ ಸೈಟಿಗಿಂತ ದೊಡ್ಡದು, ಎದೆಗೂಡಿನಲ್ಲಿ ಮಡಿಸಿಟ್ಟಿದೆ! ಬೀಡಿ ಸಿಗರೇಟಿನ ಹೊಗೆಯೋ ಸೌದೆ ಒಲೆಯ ಹೊಗೆಯೋ ವರ್ಷಗಟ್ಟಲೆ ಹೋದರೆ ಈ ಗೋಡೆಗಳು ಕುಸಿದು ನಾಲ್ಕಾರು ಗೂಡು ಸೇರಿ ಒಂದು ದೊಡ್ಡ ಗುಹೆಯಾಗುತ್ತದೆ. ಎಂಫಿಸೀಮ ಎಂಬ ಕಾಯಿಲೆ ಇದು. ಚೂರಿನ ಮೇಲೆ ಗೆರೆ ಎಳೆದು, ಅದು ಎಷ್ಟು ಗೋಡೆಗಳನ್ನು ದಾಟುತ್ತದೆ ಎಂದು ಎಣಿಸಿದರೆ ಸಾಕು, ಎಷ್ಟು ನಷ್ಟವಾಗಿದೆ ಎಂಬುದು ಅಂಕಿಯಲ್ಲೇ ಸಿಗುತ್ತದೆ.

ಪ್ರಾರ್ಥನೆಯ ಸಾಲಿನಲ್ಲಿ ಒಂದು ಹಗ್ಗ

ಪಾಲು ಕಂಡುಹಿಡಿಯುವುದು ಚುಕ್ಕಿಯಿಂದ ಸುಲಭವಾಯಿತು. ಆದರೆ ಮೆದುಳಿನ ಪ್ರಶ್ನೆ ಪಾಲಿನದಲ್ಲ, ಸಂಖ್ಯೆಯದು. ಅಲ್ಲೇ ಎಲ್ಲರೂ ಎಡವಿದ್ದು. ಯಾಕೆ ಎಂದು ತಿಳಿಯಲು ಶಾಲೆಯ ಮೈದಾನಕ್ಕೆ ಹೋಗೋಣ.

ಬೆಳಗಿನ ಪ್ರಾರ್ಥನೆಗೆ ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಎಲ್ಲರೂ ನಿಂತಿದ್ದಾರೆ. ಇಬ್ಬರು ಮೇಷ್ಟ್ರು ಒಂದು ಹಗ್ಗವನ್ನು ನೆಲದಿಂದ ನಾಲ್ಕಡಿ ಎತ್ತರದಲ್ಲಿ ಬಿಗಿಯಾಗಿ ಹಿಡಿದು ಮೈದಾನದ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ ಅಂದುಕೊಳ್ಳಿ. ಹಗ್ಗ ತಾಗಿದವರೆಲ್ಲ ಕೈ ಎತ್ತಬೇಕು. ಒಂದನೇ ತರಗತಿಯ ಪುಟಾಣಿಗಳ ತಲೆಯ ಮೇಲೇ ಹಗ್ಗ ಹಾದುಹೋಗುತ್ತದೆ. ಕೈ ಎತ್ತಿದವರನ್ನು ಎಣಿಸಿ ‘ನಮ್ಮ ಶಾಲೆಯಲ್ಲಿ ಇಷ್ಟೇ ಮಕ್ಕಳು’ ಎಂದರೆ? ಹಗ್ಗವನ್ನು ಯಾವ ಎತ್ತರದಲ್ಲಿ ಹಿಡಿದರೂ ಎತ್ತರದವರಿಗೆ ತಾಗುವ ಸಾಧ್ಯತೆಯೇ ಹೆಚ್ಚು.

ಮೈಕ್ರೋಟೋಮಿನ ಅಲಗೂ ಇಂಥದೇ ಹಗ್ಗ. ದಪ್ಪ ನರಕೋಶಗಳು ಅದಕ್ಕೆ ಹೆಚ್ಚು ಸಿಗುತ್ತವೆ, ಸಣ್ಣವು ತಪ್ಪಿಸಿಕೊಳ್ಳುತ್ತವೆ. ವಯಸ್ಸಾದಂತೆ ನರಕೋಶ ಒಂದಿಷ್ಟು ಕುಗ್ಗಿದರೂ ಸಾಕು, ಒಂದೂ ಸಾಯದೆಯೇ ಚೂರಿನಲ್ಲಿ ಕಡಿಮೆ ಕಾಣುತ್ತವೆ. ಸಣ್ಣಗಾದದ್ದನ್ನು ಸತ್ತದ್ದು ಎಂದು ಲೆಕ್ಕ ಹಿಡಿದಂತಾಗುತ್ತದೆ.

ಇದಕ್ಕೆ ಪರಿಹಾರ ಬಂದದ್ದು 1984ರಲ್ಲಿ, ಸೂಕ್ಷ್ಮದರ್ಶಕ ವಿಜ್ಞಾನದ ಒಂದು ಪತ್ರಿಕೆಯಲ್ಲಿ. ಲೇಖಕರ ಹೆಸರು ಡಿ.ಸಿ. ಸ್ಟೀರಿಯೊ. ಅಂಥ ಮನುಷ್ಯನೇ ಇರಲಿಲ್ಲ! ಹೊಸ ವಿಧಾನದ ಹೆಸರು ‘ಡೈಸೆಕ್ಟರ್’. ಅದರ ಇಂಗ್ಲಿಷ್ ಅಕ್ಷರಗಳನ್ನೇ ಕಲಸಿ ಜೋಡಿಸಿದ ಕಳ್ಳ ಹೆಸರು ಅದು. ಹಿಂದೆ ಇದ್ದವರು ಡೆನ್ಮಾರ್ಕಿನ ಹಾನ್ಸ್ ಯೋರ್ಗನ್ ಗುಂಡರ್ಸನ್ ಎಂದು ಆಮೇಲೆ ಎಲ್ಲರಿಗೂ ತಿಳಿಯಿತು. ಪದಬಂಧ ಬಿಡಿಸುವ ಅಭ್ಯಾಸವಿರುವ ಅಜ್ಜಂದಿರಿಗೆ ಈ ತಮಾಷೆ ಹಿಡಿಸೀತು.

ವಿಧಾನವೂ ಅಷ್ಟೇ ಚುರುಕಿನದು. ಒಂದು ಹಗ್ಗದ ಬದಲು ಎರಡು ಹಗ್ಗ ಹಿಡಿಯಿರಿ, ಒಂದರ ಮೇಲೊಂದು, ನಡುವೆ ಒಂದು ಗೇಣು ಅಂತರ. ಕೆಳಗಿನ ಹಗ್ಗ ತಾಗಿ, ಮೇಲಿನದು ತಾಗದವರು ಮಾತ್ರ ಕೈ ಎತ್ತಬೇಕು. ಅಂದರೆ ಯಾರ ನೆತ್ತಿ ಆ ಎರಡು ಹಗ್ಗಗಳ ನಡುವೆ ಇದೆಯೋ ಅವರು. ಹೀಗೆ ಗೇಣು ಗೇಣಾಗಿ ಮೇಲೇರುತ್ತಾ ಹೋದರೆ ಪ್ರತಿ ಮಗುವೂ ಒಂದೇ ಒಂದು ಸಲ ಲೆಕ್ಕಕ್ಕೆ ಬರುತ್ತದೆ. ಏಕೆಂದರೆ ಕುಳ್ಳನಾಗಲಿ ಉದ್ದನಾಗಲಿ, ನೆತ್ತಿ ಒಬ್ಬನಿಗೆ ಒಂದೇ. ‘ತಲೆ ಎಣಿಸುವುದು’ ಎಂದು ನಾವು ಹೇಳುತ್ತೇವಲ್ಲ, ಅಕ್ಷರಶಃ ಅದೇ. ಸೂಕ್ಷ್ಮದರ್ಶಕದಲ್ಲಿ ಒಂದರ ಪಕ್ಕದ ಒಂದು ಎರಡು ಪದರಗಳನ್ನು ಹೋಲಿಸಿ, ಒಂದರಲ್ಲಿ ಕಂಡು ಮತ್ತೊಂದರಲ್ಲಿ ಕಾಣದ ಕೋಶಗಳನ್ನು ಮಾತ್ರ ಎಣಿಸುತ್ತಾರೆ. ಕೋಶ ದುಂಡಗಿದೆಯೋ ಸೊಟ್ಟಗಿದೆಯೋ ಎಂದು ಊಹಿಸುವ ಅಗತ್ಯವೇ ಇಲ್ಲ. ಇದೇ ತತ್ತ್ವದಿಂದ 2004ರಲ್ಲಿ ಆರು ಜನರ ಶ್ವಾಸಕೋಶದ ಗಾಳಿಗೂಡುಗಳನ್ನು ಮತ್ತೆ ಎಣಿಸಿದಾಗ ಸರಾಸರಿ 48 ಕೋಟಿ ಬಂತು. ಒಬ್ಬರಲ್ಲಿ ಸುಮಾರು 27 ಕೋಟಿಯಾದರೆ ಇನ್ನೊಬ್ಬರಲ್ಲಿ 79 ಕೋಟಿ. ಮನುಷ್ಯ ಮನುಷ್ಯರ ನಡುವೆ ಒಳಗೂ ಇಷ್ಟು ವ್ಯತ್ಯಾಸವಿರುತ್ತದೆ.

ಎಳೆ ಸೊಪ್ಪು, ಬಲಿತ ಸೊಪ್ಪು

ಇನ್ನೊಂದು ಮೋಸ ಅಡುಗೆಮನೆಯವರಿಗೆ ಬೇಗ ಅರ್ಥವಾಗುತ್ತದೆ. ಒಂದು ಪಾತ್ರೆಯಲ್ಲಿ ಎಳೆ ದಂಟಿನ ಸೊಪ್ಪು, ಇನ್ನೊಂದರಲ್ಲಿ ಬಲಿತ ಸೊಪ್ಪು, ಎರಡಕ್ಕೂ ಲೆಕ್ಕ ಹಾಕಿ ನೂರು ನೂರು ಅವರೆಕಾಳು ಬೆರೆಸಿ ಬೇಯಿಸಿ. ಎಳೆ ಸೊಪ್ಪು ಬೆಂದು ಹಿಡಿಯಷ್ಟಾಗುತ್ತದೆ, ಬಲಿತದ್ದು ಅಷ್ಟು ಕುಗ್ಗುವುದಿಲ್ಲ. ಈಗ ಎರಡರಿಂದಲೂ ಒಂದೊಂದು ಸೌಟು ತೆಗೆದು ಕಾಳು ಎಣಿಸಿ. ಎಳೆ ಸೊಪ್ಪಿನ ಸೌಟಿನಲ್ಲಿ ಕಾಳು ಹೆಚ್ಚು! ಹಾಗೆಂದು ಬಲಿತ ಸೊಪ್ಪಿನ ಪಾತ್ರೆಯಿಂದ ಯಾರೋ ಕಾಳು ಕದ್ದರು ಎನ್ನಲಾದೀತೇ?

ಮೆದುಳಿನಲ್ಲೂ ಹೀಗೆಯೇ ಆಗಿತ್ತು. 1980ರ ದಶಕದಲ್ಲಿ ಜರ್ಮನಿಯ ಹರ್ಬರ್ಟ್ ಹೌಗ್ ಇದನ್ನು ಬಯಲಿಗೆಳೆದರು. ಫಾರ್ಮಲಿನ್, ಮೇಣ ಎಂದೆಲ್ಲ ಹಾದುಬರುವಾಗ ಹರೆಯದವರ ಮೆದುಳು ವಯಸ್ಸಾದವರದ್ದಕ್ಕಿಂತ ಹೆಚ್ಚು ಕುಗ್ಗುತ್ತದೆ. ಕುಗ್ಗಿದ್ದರಲ್ಲಿ ಕೋಶಗಳು ಒತ್ತೊತ್ತಾಗಿ ಕಾಣುತ್ತವೆ. ಅದನ್ನು ನೋಡಿ ‘ಹರೆಯದಲ್ಲಿ ಹೆಚ್ಚು, ಮುಪ್ಪಿನಲ್ಲಿ ಕಡಿಮೆ’ ಎಂದಿದ್ದರು.

ಹಾಗಾದರೆ ಸೌಟಿನ ಲೆಕ್ಕ ಬಿಟ್ಟು ಪಾತ್ರೆಯ ಲೆಕ್ಕಕ್ಕೆ ಬರಬೇಕು. ಅಷ್ಟನ್ನೂ ಎಣಿಸುತ್ತಾ ಕೂರಲು ಆಯುಷ್ಯ ಸಾಲದು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುವ ನಮ್ಮ ಅಜ್ಜಿಯರ ಉಪಾಯವೂ ಇಲ್ಲಿ ಪೂರ್ತಿ ನಡೆಯದು. ಅನ್ನದ ಪಾತ್ರೆಯಲ್ಲಿ ಎಲ್ಲ ಅಗುಳೂ ಒಂದೇ ಹದ. ಮೆದುಳು ಸರಿಯಾಗಿ ಕಲಸದ ಪುಳಿಯೋಗರೆಯ ಹಾಗೆ, ಒಂದು ಕಡೆ ಗೊಜ್ಜು ಹೆಚ್ಚು, ಇನ್ನೊಂದು ಕಡೆ ಬರೀ ಅನ್ನ. ಅದಕ್ಕೇ ಅಂಗವನ್ನು ತುದಿಯಿಂದ ತುದಿಯವರೆಗೆ ಚೂರು ಮಾಡಿ, ಹತ್ತು ಚೂರಿಗೆ ಒಂದರಂತೆ ಆರಿಸುತ್ತಾರೆ. ಮೊದಲನೆಯದು ಯಾವುದು ಎಂದು ಚೀಟಿ ಎತ್ತಿ ತೀರ್ಮಾನ. 4 ಬಂದರೆ 4, 14, 24 ಹೀಗೆ. ನೋಡುವವರ ಕಣ್ಣಿಗೆ ಚೆಂದ ಕಂಡ ಚೂರನ್ನು ಆರಿಸುವ ಹಾಗಿಲ್ಲ. ಆರಿಸಿದ ಚೂರಿನಲ್ಲೂ ಸಮ ಅಂತರದ ಪುಟ್ಟ ಚೌಕಗಳಲ್ಲಿ ಮಾತ್ರ ಎಣಿಕೆ. ಹತ್ತರಲ್ಲೊಂದು ಚೂರು, ಅದರಲ್ಲಿ ನೂರರಲ್ಲೊಂದು ಪಾಲು ಜಾಗ ಎಂದರೆ ಒಟ್ಟು ಸಾವಿರದಲ್ಲಿ ಒಂದು. 200 ಕೋಶ ಸಿಕ್ಕರೆ, ಆ ಭಾಗದಲ್ಲಿ ಇರುವುದು ಸುಮಾರು 2 ಲಕ್ಷ. ಮೆದುಳು ಎಷ್ಟಾದರೂ ಕುಗ್ಗಲಿ, ಸಾವಿರದಲ್ಲಿ ಒಂದು ಸಾವಿರದಲ್ಲಿ ಒಂದಾಗಿಯೇ ಉಳಿಯುತ್ತದೆ. ಕ್ರಮ ತಪ್ಪದೆ ಆರಿಸಿದರೆ ನೂರಿನ್ನೂರು ಕೋಶ ಎಣಿಸಿದರೂ ಸಾಕು ಎನ್ನುತ್ತಾರೆ ಈ ವಿದ್ಯೆ ಬಲ್ಲವರು. ಸ್ಟೀರಿಯಾಲಜಿ ಎಂದು ಇದಕ್ಕೆ ಹೆಸರು. ಬಂಡೆ, ಲೋಹ, ಜೀವಕೋಶ ನೋಡುವವರೆಲ್ಲ 1961ರಲ್ಲಿ ಜರ್ಮನಿಯ ಫೆಲ್ಡ್‌ಬರ್ಗ್ ಬೆಟ್ಟದಲ್ಲಿ ಒಟ್ಟಿಗೆ ಕೂತು ಇಟ್ಟ ಹೆಸರು ಅದು.

ಲೆಕ್ಕ ಏನು ಹೇಳಿತು?

1997ರಲ್ಲಿ ಡೆನ್ಮಾರ್ಕಿನ ಬೆಂಟೆ ಪಾಕೆನ್‌ಬರ್ಗ್ ಮತ್ತು ಅದೇ ಗುಂಡರ್ಸನ್, 20ರಿಂದ 90 ವರ್ಷದೊಳಗೆ ತೀರಿಕೊಂಡ 94 ಜನರ ಮೆದುಳಿನ ಹೊರಪದರದ ಲೆಕ್ಕ ಪ್ರಕಟಿಸಿದರು. ಗಂಡಸರಲ್ಲಿ ಸರಾಸರಿ 2,300 ಕೋಟಿ ನರಕೋಶ, ಹೆಂಗಸರಲ್ಲಿ 1,900 ಕೋಟಿ. (ಇದನ್ನು ಓದಿ ಮನೆಯಲ್ಲಿ ಯಾರಾದರೂ ಮೀಸೆ ತಿರುವಿದರೆ ಹೇಳಿ: ಕೋಶದ ಸಂಖ್ಯೆಗೂ ಬುದ್ಧಿವಂತಿಕೆಗೂ ನೇರ ಸಂಬಂಧವಿಲ್ಲ.) ಹಾಗಾದರೆ 20ರಿಂದ 90ಕ್ಕೆ ಬರುವಷ್ಟರಲ್ಲಿ ಆಗುವ ನಷ್ಟ? ಸುಮಾರು ನೂರಕ್ಕೆ ಹತ್ತು. ಇಷ್ಟೇ.

ಇದೇ ಹತ್ತನ್ನು ದಿನದ ಲೆಕ್ಕಕ್ಕೆ ಇಳಿಸಿದರೆ ದಿನಕ್ಕೆ ಸುಮಾರು 80,000 ಕೋಶ, ಹೆಚ್ಚುಕಡಿಮೆ ಸೆಕೆಂಡಿಗೊಂದು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಎಪ್ಪತ್ತು ವರ್ಷ ಹೀಗೆ ಹೋದರೂ ನೂರಕ್ಕೆ ತೊಂಬತ್ತು ಉಳಿದಿರುತ್ತವೆ ಎಂದರೆ ಧೈರ್ಯ ಬರುತ್ತದೆ. ಎರಡೂ ಒಂದೇ ಲೆಕ್ಕ!

ಅದಕ್ಕೆ ಮೂರು ವರ್ಷ ಮೊದಲು, 1994ರಲ್ಲಿ, ಮಾರ್ಕ್ ವೆಸ್ಟ್ ಮತ್ತು ಸಂಗಡಿಗರು ಹಿಪೊಕ್ಯಾಂಪಸ್ ಎಂಬ ಭಾಗವನ್ನು ಎಣಿಸಿದ್ದರು. ಹೊಸ ನೆನಪುಗಳು ಅಚ್ಚಾಗಲು ಬೇಕಾದ ಜಾಗ ಅದು. ಅದರೊಳಗೆ ‘ಸಿಎ1’ ಎಂಬ ಪಟ್ಟಿಯಿದೆ. ಆರೋಗ್ಯವಾಗಿ ಮುಪ್ಪಾದವರಲ್ಲಿ ಅಕ್ಕಪಕ್ಕದ ಕೆಲವು ಭಾಗಗಳಲ್ಲಿ ಒಂದಷ್ಟು ಕೋಶಗಳು ಕಡಿಮೆಯಾಗಿದ್ದರೂ ಈ ಪಟ್ಟಿಯಲ್ಲಿ ಇಳಿಕೆ ಕಾಣಲಿಲ್ಲ. ಅಲ್ಜೈಮರ್ಸ್ ಇದ್ದವರಲ್ಲಿ ಇದೇ ಪಟ್ಟಿಯ ನೂರಕ್ಕೆ 68 ಕೋಶಗಳು ಇರಲೇ ಇಲ್ಲ.

ಅಂದರೆ ಅಲ್ಜೈಮರ್ಸ್ ಎನ್ನುವುದು ಮುಪ್ಪು ಸ್ವಲ್ಪ ಜಾಸ್ತಿಯಾದದ್ದಲ್ಲ. ಮುಪ್ಪು ಮುಟ್ಟದ ಜಾಗಕ್ಕೇ ಅದು ಕೈ ಹಾಕುತ್ತದೆ. ಅದೊಂದು ರೋಗ. ಈ ಮಾತು ಕೇಳಿದಾಗ ಎಷ್ಟೋ ಮನೆಗಳವರಿಗೆ ಸಮಾಧಾನವಾಗಬಹುದು, ಕೆಲವರಿಗೆ ಸಂಕಟವೂ ಆಗಬಹುದು. ‘ವಯಸ್ಸಾಯ್ತಲ್ಲ, ಹಾಗೇ’ ಎಂದು ವೈದ್ಯರಿಗೆ ತೋರಿಸದೆ ಬಿಟ್ಟದ್ದು ನೆನಪಾಗಿ. ಅದಿರಲಿ, ವಯಸ್ಸಾದವರು ಮರೆಯುವುದು ಸುಳ್ಳಲ್ಲ. ಕೋಶ ಕೋಶಗಳ ನಡುವಿನ ಸಂಪರ್ಕ ಸಡಿಲವಾಗುತ್ತದೆ, ಹೆಸರು ನಾಲಿಗೆಗೆ ಬರಲು ಹೊತ್ತು ಹಿಡಿಯುತ್ತದೆ. ಆದರೆ ಮನೆಯೇ ಖಾಲಿಯಾಗಿಲ್ಲ. ನಮ್ಮ ಬೇಂದ್ರೆಯವರು ಅರವತ್ತರ ಆಸುಪಾಸಿನಲ್ಲಿ ಒಂದು ಕವನ ಸಂಕಲನಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು, ಅದಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಾದೆಯನ್ನು ತಮಾಷೆ ಮಾಡಲು ಅವರು ಪಾಕೆನ್‌ಬರ್ಗ್ ಲೆಕ್ಕಕ್ಕೆ ಕಾಯಲಿಲ್ಲ.

ಇಂಥ ಎಣಿಕೆಗೆ ಮೆದುಳು ಎಲ್ಲಿಂದ ಬರಬೇಕು? ತೀರಿಕೊಂಡವರ ಮನೆಯವರು ಒಪ್ಪಿ ಕೊಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ಇದೆ. ಅಲ್ಲಿನ ಮೆದುಳಿನ ಮ್ಯೂಸಿಯಂಗೆ ಶಾಲೆಯ ಮಕ್ಕಳೂ ಹೋಗಿ ನೋಡಬಹುದು.

ಬಿ.ಪಿ.ಯ ಲೆಕ್ಕ

ಅಜ್ಜ ಅಜ್ಜಿಯರ ಮಾತ್ರೆ ಡಬ್ಬಿಯಲ್ಲಿ ಮರೆವಿನ ಮಾತ್ರೆಗಿಂತ ಹೆಚ್ಚಾಗಿ ಕಾಣುವುದು ಬಿ.ಪಿ. ಮಾತ್ರೆ. ರಕ್ತದೊತ್ತಡ ಏಕೆ ಏರುತ್ತದೆ ಎಂಬುದಕ್ಕೆ ಬಹಳಷ್ಟು ಜನರಲ್ಲಿ ಇಂಥದೇ ಎಂದು ಕಾರಣ ಸಿಗುವುದಿಲ್ಲ. ಉಪ್ಪು, ತೂಕ, ವಂಶ ಎಂದೆಲ್ಲ ಹೇಳುತ್ತೇವೆ. 1988ರಲ್ಲಿ ಅಮೆರಿಕದ ಬ್ಯಾರಿ ಬ್ರೆನರ್ ಮತ್ತು ಸಂಗಡಿಗರು ಬೇರೊಂದು ಸಂಶಯ ಮುಂದಿಟ್ಟರು: ಕೆಲವರು ಹುಟ್ಟುವಾಗಲೇ ಮೂತ್ರಪಿಂಡದಲ್ಲಿ ಕಡಿಮೆ ಜಾಲರಿಗಳನ್ನು ಪಡೆದು ಹುಟ್ಟಿರಬಹುದೇ?

ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಸೂಕ್ಷ್ಮ ಉಂಡೆಗಳಿವೆ, ಗ್ಲೊಮೆರುಲಸ್ ಎನ್ನುತ್ತಾರೆ. ಎರಡೂ ಮೂತ್ರಪಿಂಡ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬೇಕಾದದ್ದನ್ನೆಲ್ಲ ವಾಪಸ್ಸು ಎಳೆದುಕೊಂಡು, ಒಂದೂವರೆ ಲೀಟರಿನಷ್ಟು ಹೊರಹಾಕುತ್ತವೆ. ಈ ಉಂಡೆಗಳೆಲ್ಲ ತಾಯಿಯ ಗರ್ಭದಲ್ಲೇ, ಸುಮಾರು 36ನೇ ವಾರದೊಳಗೆ ತಯಾರಾಗಿ ಮುಗಿಯುತ್ತವೆ. ಆಮೇಲೆ ಜೀವನಪೂರ್ತಿ ಹೊಸದು ಒಂದೂ ಹುಟ್ಟುವುದಿಲ್ಲ. ಎಲ್ಲರಿಗೂ ಸಮನಾಗಿ ಸಿಗುವುದೂ ಇಲ್ಲ. ಆಸ್ಟ್ರೇಲಿಯಾದ ಜಾನ್ ಬರ್ಟ್ರಮ್ ತಂಡ ಎಣಿಸಿದ ನೂರಾರು ಮೂತ್ರಪಿಂಡಗಳಲ್ಲಿ ಅತಿ ಕಡಿಮೆ ಇದ್ದದ್ದು 2.1 ಲಕ್ಷ, ಅತಿ ಹೆಚ್ಚು 27 ಲಕ್ಷ!

2003ರಲ್ಲಿ ಜರ್ಮನಿಯಲ್ಲಿ ಒಂದು ಎಣಿಕೆ ನಡೆಯಿತು. ಅಪಘಾತದಲ್ಲಿ ತೀರಿಕೊಂಡ ನಡುವಯಸ್ಸಿನವರಲ್ಲಿ ರಕ್ತದೊತ್ತಡ ಇದ್ದ ಹತ್ತು ಜನ, ಅವರಿಗೆ ಸರಿಜೋಡಿಯಾಗಿ ರಕ್ತದೊತ್ತಡ ಇಲ್ಲದ ಹತ್ತು ಜನ. ಒತ್ತಡ ಇಲ್ಲದವರಲ್ಲಿ ಒಂದು ಮೂತ್ರಪಿಂಡಕ್ಕೆ ಸುಮಾರು 14.3 ಲಕ್ಷ ಉಂಡೆಗಳು, ಇದ್ದವರಲ್ಲಿ ಸುಮಾರು 7 ಲಕ್ಷ. ಅರ್ಧಕ್ಕೆ ಅರ್ಧ! ಇದ್ದ ಉಂಡೆಗಳೂ ಎರಡು ಪಟ್ಟಿಗಿಂತ ಹೆಚ್ಚು ಊದಿಕೊಂಡಿದ್ದವು. ಮದುವೆ ಊಟಕ್ಕೆ ಬಡಿಸುವವರು ಅರ್ಧ ಮಂದಿ ಬಾರದಿದ್ದರೆ ಬಂದವರು ಏದುಸಿರು ಬಿಡುತ್ತಾ ಎರಡೆರಡು ಪಂಕ್ತಿ ನೋಡಿಕೊಳ್ಳಬೇಕಲ್ಲ, ಹಾಗೆ. ಒಂದೊಂದು ಚೂರನ್ನು ಬಿಡಿಯಾಗಿ ನೋಡಿದ್ದರೆ ಈ ಕೊರತೆ ಕಾಣುತ್ತಿರಲಿಲ್ಲ, ಏಕೆಂದರೆ ಇಲ್ಲದ್ದು ಕಣ್ಣಿಗೆ ಬೀಳುವುದಿಲ್ಲ. ಹತ್ತೇ ಜನರ ಲೆಕ್ಕ, ಎಲ್ಲರಿಗೂ ಇದೇ ಕಾರಣ ಎನ್ನಲು ಬಾರದು. ಅಮೆರಿಕದ ಕಪ್ಪು ಜನರಲ್ಲಿ ಎಣಿಸಿದಾಗ ಈ ನಂಟು ಇಷ್ಟು ಸ್ಪಷ್ಟವಾಗಿ ಕಾಣಲಿಲ್ಲ.

ಆದರೂ ಒಂದು ದಾರ ಸಿಕ್ಕಿತ್ತು. ಅದೇ ವರ್ಷ ಅಮೆರಿಕದ ಇನ್ನೊಂದು ಎಣಿಕೆ, ಹುಟ್ಟುವಾಗಿನ ತೂಕ ಒಂದು ಕೆಜಿ ಹೆಚ್ಚಿದ್ದರೆ ಮೂತ್ರಪಿಂಡದಲ್ಲಿ ಸುಮಾರು 2.57 ಲಕ್ಷ ಉಂಡೆಗಳು ಹೆಚ್ಚಿರುತ್ತವೆ ಎಂದಿತು. ಅಂದರೆ ಐವತ್ತು ವರ್ಷದ ನಂತರದ ಬಿ.ಪಿ.ಗೂ ಬಸಿರಿಯ ಊಟದ ತಟ್ಟೆಗೂ ಸಂಬಂಧವಿರಬಹುದು.

ಇದೇ ದಾರದ ಇನ್ನೊಂದು ತುದಿ ನಮ್ಮ ಮೈಸೂರಿನಲ್ಲಿದೆ. ಮಿಷನ್ ಆಸ್ಪತ್ರೆ ಎಂದು ಜನ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಸಂಶೋಧಕರು 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಇದು ಮೂತ್ರಪಿಂಡದ ಎಣಿಕೆಯಲ್ಲ, ಹೃದ್ರೋಗದ ಎಣಿಕೆ. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ, ಮೂರು ಕೆಜಿ ದಾಟಿ ಗುಂಡಗೆ ಹುಟ್ಟಿದವರಲ್ಲಿ ನೂರಕ್ಕೆ 3. ಆ ಕಾಲದ ನರ್ಸಮ್ಮಂದಿರು ಹೆರಿಗೆಯ ಗಡಿಬಿಡಿಯಲ್ಲೂ ತಕ್ಕಡಿ ನೋಡಿ ಬರೆದಿಟ್ಟ ಅಂಕಿಗಳು ಜಗತ್ತಿಗೇ ಉಪಯೋಗಕ್ಕೆ ಬಂದವು.

ಇದುವರೆಗೆ ಹೇಳಿದ ಕೋಶ, ಉಂಡೆಗಳ ಎಣಿಕೆಗಳೆಲ್ಲ ತೀರಿಕೊಂಡವರ ಅಂಗಗಳಲ್ಲಿ ಆದವು. ಬದುಕಿರುವವರ ಮೂತ್ರಪಿಂಡವನ್ನು ಚೂರು ಮಾಡುವಂತಿಲ್ಲವಲ್ಲ. 2017ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ತಂಡ, ಮೂತ್ರಪಿಂಡ ದಾನ ಮಾಡಿದ ಆರೋಗ್ಯವಂತರಲ್ಲಿ ಸ್ಕ್ಯಾನ್‌ನಿಂದ ಗಾತ್ರವನ್ನೂ ಸೂಜಿಯಲ್ಲಿ ತೆಗೆದ ತುಣುಕಿನಿಂದ ಒತ್ತಣೆಯನ್ನೂ ಅಳೆದು ಲೆಕ್ಕ ಕಟ್ಟಿತು. ಮೂವತ್ತರ ಒಳಗಿನವರಲ್ಲಿ ಒಂದು ಮೂತ್ರಪಿಂಡಕ್ಕೆ ಸುಮಾರು 9.9 ಲಕ್ಷ ಕೆಲಸ ಮಾಡುವ ಉಂಡೆಗಳಿದ್ದರೆ, ಎಪ್ಪತ್ತು ದಾಟಿದವರಲ್ಲಿ 5.2 ಲಕ್ಷ. ಮೆದುಳಿಗಿಂತ ಇಲ್ಲಿ ಸವಕಳಿ ಹೆಚ್ಚು. ಹಾಗಿದ್ದೂ ಅವರೆಲ್ಲ ದಾನ ಕೊಡುವಷ್ಟು ಆರೋಗ್ಯವಾಗಿದ್ದರು. ಮಂಡಿ ನೋವಿಗೆ ಅಂಗಡಿಯಿಂದ ತಾವೇ ನೋವಿನ ಮಾತ್ರೆ ತಂದು ದಿನಾ ನುಂಗಬೇಡಿ ಎಂದು ವೈದ್ಯರು ಅಜ್ಜಂದಿರಿಗೆ ಗದರುವುದಕ್ಕೆ ಈ ಸವಕಳಿಯೂ ಒಂದು ಕಾರಣ.

ಈಗ ಚೂರುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಿಂದಲೇ ಎಣಿಸುವ ಕಾಲ ಬಂದಿದೆ. ಸಂತೋಷವೇ. ಆದರೆ ಹಗ್ಗವನ್ನು ಒಂದೇ ಎತ್ತರದಲ್ಲಿ ಹಿಡಿದರೆ ಕಂಪ್ಯೂಟರಿಗೂ ಒಂದನೇ ತರಗತಿಯವರು ಕಾಣುವುದಿಲ್ಲ, ತಪ್ಪು ಲೆಕ್ಕವನ್ನು ಬೇಗ ಕೊಡುತ್ತದೆ ಅಷ್ಟೇ.

ಒಂದು ಸೇರಿನಲ್ಲಿ ಎಷ್ಟು ಕಾಳು?

ಈ ಭಾನುವಾರ ಮೊಮ್ಮಕ್ಕಳೂ ಅಜ್ಜಿಯೂ ಸೇರಿ ಮಾಡಬಹುದಾದ ಆಟ. ಒಂದು ಸೇರು ಹೆಸರುಕಾಳನ್ನು ದೊಡ್ಡ ತಟ್ಟೆಯಲ್ಲಿ ಹರಡಿ. ಒಟ್ಟು ಎಷ್ಟು ಕಾಳಿರಬಹುದು ಎಂದು ಮೊದಲು ಎಲ್ಲರೂ ಒಂದೊಂದು ಚೀಟಿಯಲ್ಲಿ ಊಹೆ ಬರೆದಿಡಿ. ಆಮೇಲೆ ಕಾಳನ್ನು ಕಣ್ಣಂದಾಜಿನಲ್ಲಿ ಎರಡು ಸಮಪಾಲು ಮಾಡಿ. ಯಾವ ಪಾಲು ಉಳಿಸಿಕೊಳ್ಳಬೇಕು ಎಂದು ನಾಣ್ಯ ಚಿಮ್ಮಿಸಿ ತೀರ್ಮಾನಿಸಿ, ಕೈಗೆ ಹತ್ತಿರವಾದದ್ದು ಎಂದು ಎಳೆದುಕೊಳ್ಳಬೇಡಿ. ಉಳಿದದ್ದನ್ನು ಮತ್ತೆ ಅರ್ಧ, ಮತ್ತೆ ನಾಣ್ಯ. ಹೀಗೆ ಆರು ಸಲ ಮಾಡಿದರೆ ನಿಮ್ಮ ಮುಂದೆ ಇರುವುದು 64ರಲ್ಲಿ ಒಂದು ಪಾಲು. ಅದನ್ನು ಎಣಿಸಿ 64ರಿಂದ ಗುಣಿಸಿ. ಕಾಳನ್ನೆಲ್ಲ ಮತ್ತೆ ಬೆರೆಸಿ ಇನ್ನೊಂದು ಸಲ ಮೊದಲಿನಿಂದ ಮಾಡಿ. ಎರಡು ಉತ್ತರಗಳೂ ಎಷ್ಟು ಹತ್ತಿರ ಬಂದವು, ಯಾರ ಊಹೆ ಎಷ್ಟು ದೂರ ಹೋಯಿತು ಎಂದು ಚೀಟಿ ಬಿಚ್ಚಿ ನೋಡಿ. ಕಾಳು ಚೆಲ್ಲಿದರೆ ಆರಿಸುವ ಕೆಲಸ ಅಜ್ಜಿಯದಲ್ಲ.